ಕಡ ತಂದ ತೆರಪು

ತೀರಿಹೋದ ಗಂಡ ಇಂದುಧರನ ಶಿವಗಣಾರಾಧನೆ ಮುಗಿಸಿ, ಕೊನೆಯ ನೆಂಟರನ್ನು ಬಸ್ಸು ಹತ್ತಿಸಿ ಬಂದ ಮಾರನೆಯ ಬೆಳಿಗ್ಗೆ ನಾನು ಟೀವಿ ಹಾಕಿದೆ. ಮಾಡಲು ಬೇರೇನೂ ಇರಲಿಲ್ಲ. ಒಬ್ಬಳಿಗೆ ಎಷ್ಟು ಡಿಕಾಕ್ಷನ್ ಎಂದು ಅಂದಾಜು ಸಿಗದೆ ಇಬ್ಬರಿಗಾಗುವಷ್ಟು ಇಳಿಸಿ, ಎರಡು ಲೋಟ ಕಾಫಿಯನ್ನೂ ನಾನೇ ಕುಡಿದಿದ್ದೆ. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಇಷ್ಟು ದಿನ ನಮ್ಮ ಮನೆಯ ಮುಂದೆ ಬಂದಾಗ ದನಿ ತಗ್ಗಿಸುತ್ತಿದ್ದವಳು ಅಂದು ತಗ್ಗಿಸಲಿಲ್ಲ. ಎಲ್ಲ ಮುಗಿಯಿತೆಂದು ನನಗೆ ಗೊತ್ತಾದದ್ದು ಅದರಿಂದ.

ಟೀವಿಯಲ್ಲಿ ವಾರ್ತೆ ಬರುತ್ತಿತ್ತು. ಓದುವ ಹೆಂಗಸು ಯಾವುದೋ ಸೇತುವೆಯ ವಿಷಯ ಹೇಳುತ್ತಿದ್ದಳು. "ಸೇತುವೆಯ ಎರಡನೇ ಕಂಬ" ಎಂದಳು, ದನಿ ನಿಂತಿತು. ತುಟಿಗಳು ಆಡುತ್ತಲೇ ಇದ್ದವು. ಮೂರು ಸೆಕೆಂಡು. ಆಮೇಲೆ "ಎಂದು ಅಧಿಕಾರಿಗಳು ತಿಳಿಸಿದ್ದಾರೆ" ಎಂದು ದನಿ ವಾಪಸು ಬಂತು. ಸೇತುವೆಗೆ ಏನಾಯಿತೆಂದು ನನಗೆ ತಿಳಿಯಲಿಲ್ಲ. ಹತ್ತು ನಿಮಿಷದ ಬಳಿಕ ಮತ್ತೆ ಹಾಗೇ ಆಯಿತು.

ಆ ಸೆಟ್ಟು ಇಂದುಧರನದು. ಹೋಮ್ ಥಿಯೇಟರ್ ಎಂದು ಅವನು ಪೂರ್ತಿ ಹೆಸರು ಹೇಳುತ್ತಿದ್ದ. ಟೀವಿಯ ಕೆಳಗೆ ಒಂದು, ಎರಡು ಬದಿಗೆ ಎರಡು, ಸೋಫಾದ ಹಿಂದೆ ಎರಡು ಸ್ಪೀಕರು. ಮೂಲೆಯಲ್ಲಿ ಅಕ್ಕಿ ಡಬ್ಬದಷ್ಟು ದೊಡ್ಡ ಬೇಸ್ ಪೆಟ್ಟಿಗೆ. ಆರು ವರ್ಷ ಒಂದೊಂದನ್ನೇ ತರಿಸಿ ಜೋಡಿಸಿದ್ದ. ಸೋಫಾ ಒಂದು ಅಂಗುಲವೂ ಆಚೀಚೆ ಆಗಬಾರದೆಂದು ಅದರ ಕಾಲುಗಳಿದ್ದ ಜಾಗಕ್ಕೆ ನೆಲದ ಮೇಲೆ ಬಣ್ಣದ ಟೇಪು ಅಂಟಿಸಿದ್ದ. ಅವನು ಸತ್ತದ್ದೂ ಆ ಸೋಫಾದ ಮೇಲೆಯೇ, ಭಾನುವಾರ ಬೆಳಿಗ್ಗೆ ಹನ್ನೊಂದೂವರೆಯ ಹೊತ್ತಿಗೆ, ಸಿನಿಮಾ ನೋಡುತ್ತ. ನಾನು ಅಡುಗೆಮನೆಯಲ್ಲಿದ್ದೆ. ಹೃದಯ ನಿಂತಿದೆ ಎಂದರು ಡಾಕ್ಟರು. ಮೂವತ್ತಾರು ವರ್ಷ.

ನಾನು ಮಳೆ ಅಳೆಯುವ ಕಚೇರಿಯಲ್ಲಿ ಅಂಕಿಅಂಶ ನೋಡುವವಳು. ವಿಶ್ವವಿದ್ಯಾಲಯದಲ್ಲಿ ಓದಿದ್ದೂ ಅದನ್ನೇ. ಒಂದು ಸಂಗತಿ ಮತ್ತೆ ಮತ್ತೆ ಆಗುತ್ತಿದ್ದರೆ ಅದನ್ನು ಬರೆದಿಡಬೇಕು ಎಂಬುದು ನನಗೆ ಬಂದ ವಿದ್ಯೆ. ಒಂದು ನೋಟ್ ಪುಸ್ತಕ ತೆಗೆದು, ದನಿ ಯಾವಾಗ ಹೋಯಿತು, ಎಷ್ಟು ಹೊತ್ತು ಎಂದು ಬರೆಯತೊಡಗಿದೆ. ಕೆಲಸ ಸಿಕ್ಕಿತು ಎನಿಸಿತು.

ಮೊದಲು ವೈರು. ಟೀವಿಯಿಂದ ಆಂಪ್ಲಿಫೈಯರಿಗೆ ಬರುವ ವೈರನ್ನು ಕಿತ್ತು, ಒರೆಸಿ, ಮತ್ತೆ ಚುಚ್ಚಿದೆ. ದನಿ ಹೋಯಿತು. ಅವನ ಡ್ರಾಯರಿನಲ್ಲಿ ಇನ್ನೊಂದು ವೈರು ಸಿಕ್ಕಿತು, ಅದಕ್ಕೆ "ಒಳ್ಳೆಯದು, ಕೊಡಬಾರದು" ಎಂದು ಚೀಟಿ ಕಟ್ಟಿದ್ದ. ಅದನ್ನು ಹಾಕಿದೆ. ದನಿ ಹೋಯಿತು. ಟೀವಿಯದೇ ತಪ್ಪೇನೋ ಎಂದು ಡಿಸ್ಕ್ ಹಾಕಿದೆ, ಆಮೇಲೆ ಮೊಬೈಲಿನಿಂದ ಹಾಡು ಹಚ್ಚಿದೆ. ಆಂಪ್ಲಿಫೈಯರಿನಲ್ಲಿ ವಿದ್ಯುತ್ ಉಳಿಸುವ ಸೆಟಿಂಗ್ ಇತ್ತು, ಅದರಿಂದ ಹೀಗಾಗುವುದುಂಟು ಎಂದು ಅವನೇ ಯಾವಾಗಲೋ ಹೇಳಿದ್ದ, ತೆಗೆದೆ. ಎಡಗಡೆಯ ಸ್ಪೀಕರಿನ ವೈರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡಿದೆ. ಯಾವುದೋ ಒಂದರಲ್ಲಿ ಮಾತ್ರ ದೋಷವಿದ್ದರೆ ಅದು ಜಾಗ ಬದಲಿಸಬೇಕು. ಅದು ಜಾಗ ಬದಲಿಸಲಿಲ್ಲ. ಎಲ್ಲ ಕಡೆಯೂ ಒಟ್ಟಿಗೇ ಹೋಗುತ್ತಿತ್ತು, ಒಟ್ಟಿಗೇ ಬರುತ್ತಿತ್ತು. ಎರಡು ದಿನದ ಕೊನೆಗೆ ನನ್ನ ಪುಸ್ತಕದಲ್ಲಿ ನಲವತ್ತೊಂದು ಸಾಲುಗಳಿದ್ದವು. ಅವುಗಳ ನಡುವೆ ಲೆಕ್ಕಕ್ಕೆ ಸಿಗುವ ಅಂತರ ಯಾವುದೂ ಇರಲಿಲ್ಲ. ಒಂದೇ ವಿಷಯ: ಮೂರು ಸೆಕೆಂಡು ನಾಲ್ಕಾಗಿತ್ತು, ನಾಲ್ಕು ಐದಾಗಿತ್ತು.

ಮೂರನೇ ದಿನ ದಸ್ತಗೀರರಿಗೆ ಫೋನ್ ಮಾಡಿದೆ. ನಮ್ಮೂರಿನಲ್ಲಿ ರೇಡಿಯೊ, ಸ್ಪೀಕರು ರಿಪೇರಿ ಮಾಡುವವರು ಅವರೊಬ್ಬರೇ. ನಮ್ಮೂರಿನವರಿಗೆ ಸ್ಪೀಕರು ಬೇಗ ಹಾಳಾಗುತ್ತದೆ, ಎಲ್ಲರೂ ಜೋರಾಗಿ ಇಡುತ್ತಾರೆ. ಮೊರೆತ ಇದೆಯಲ್ಲ. ನೆಲದಡಿಯಿಂದಲೋ ಗೋಡೆಯಿಂದಲೋ ಹಗಲೂ ಇರುಳೂ ಒಂದೇ ಸಮನೆ ಬರುತ್ತಿರುತ್ತದೆ, ದೂರದಲ್ಲಿ ಹಿಟ್ಟಿನ ಗಿರಣಿ ಆಡಿದ ಹಾಗೆ. ಹೊಸದಾಗಿ ಬಂದವರು ಮೊದಲ ವಾರ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ, ಎರಡನೇ ವಾರ ಗಂಟಲೆತ್ತಿ ಮಾತಾಡಲು ಕಲಿಯುತ್ತಾರೆ, ಮೂರನೇ ವಾರ ಮರೆತುಬಿಡುತ್ತಾರೆ. ಮದುವೆಯಾಗಿ ಬಂದ ಮೇಲೆ ನಾನೂ ಹಾಗೇ ಮರೆತಿದ್ದೆ. ಇಂದುಧರ ಇಲ್ಲೇ ಹುಟ್ಟಿದವನು, ಆದರೂ ಮರೆತಿರಲಿಲ್ಲ.

ದಸ್ತಗೀರ್ ಬಂದವರು ಚಪ್ಪಲಿ ಬಿಟ್ಟು, ಸೆಟ್ಟಿನ ಮುಂದೆ ಕೂತು, ಒಂದೊಂದು ವೈರನ್ನೂ ನೋಡಿದರು. ಅರವತ್ತರ ಮನುಷ್ಯ, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು.

"ಇಂದುಧರ್ ಸಾಹೇಬ್ರು ನನ್ನ ಅಂಗಡೀಲಿ ಒಂದು ಸ್ಕ್ರೂ ತಗೊಂಡೋರಲ್ಲ ಅಮ್ಮ" ಎಂದರು. "ಎಲ್ಲಾ ಕೊರಿಯರು. ನಾನು ದಾರೀಲಿ ಸಿಕ್ಕಿದ್ರೆ, ದಸ್ತಗೀರ್ ನಿಮ್ಮ ವೈರಲ್ಲಿ ತಾಮ್ರ ಇಲ್ಲ, ತಗಡಿದೆ ಅನ್ನೋರು. ಈಗ ನೋಡಿ, ಕೊರಿಯರೋನು ಬಂದನಾ ರಿಪೇರಿಗೆ?"

ನಾನು ಚಹಾ ಇಟ್ಟೆ. ಅವರು ತಮ್ಮ ಚೀಲದಿಂದ ಒಂದು ಸಣ್ಣ ಹಳೆಯ ಆಂಪ್ಲಿಫೈಯರ್ ತೆಗೆದು ಇಂದುಧರನ ಸ್ಪೀಕರುಗಳಿಗೆ ಹಚ್ಚಿದರು. ದನಿ ಹೋಯಿತು. ಆಮೇಲೆ ಇಂದುಧರನ ಆಂಪ್ಲಿಫೈಯರಿಗೆ ತಮ್ಮ ಸ್ಪೀಕರು ಹಚ್ಚಿದರು. ದನಿ ಹೋಯಿತು. ಪ್ಲಗ್ಗು ಬಿಚ್ಚಿ ಮೂಸಿ ನೋಡಿದರು. ನನ್ನ ನೋಟ್ ಪುಸ್ತಕವನ್ನು ಮೊದಲಿಂದ ಕೊನೆವರೆಗೆ ಓದಿ, "ನೀವು ಡಾಕ್ಟ್ರಾಗಬೇಕಿತ್ತು" ಎಂದರು.

"ಸೆಟ್ಟಿಗೆ ಏನಾಗಿದೆ ಸಾಹೇಬ್ರೆ?"

"ಏನೂ ಆಗಿಲ್ಲ. ಅದೇ ನನಗೂ ಅರ್ಥ ಆಗ್ತಿಲ್ಲ. ಈ ಜೋಡಣೆ ನೋಡಿದ್ರೆ ನನ್ನ ಮಗಳ ಮದುವೆ ಸೀರೆ ಮಡಿಸಿದ ಹಾಗಿದೆ. ಇಂಥ ಕೆಲಸದಲ್ಲಿ ತಪ್ಪು" ಎಂದರು, ಅವರ ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ.

ಟೀವಿ ಆಗ ಆಫ್ ಆಗಿತ್ತು. ಅವರ ತುಟಿಗಳು ಇನ್ನೂ ಎರಡು ಮಾತು ಆಡಿದವು, ಆಮೇಲೆ ನಿಂತವು. ಚಹಾದ ಲೋಟವನ್ನು ನೆಲಕ್ಕಿಟ್ಟರು, ಅದರ ಸದ್ದೂ ಬರಲಿಲ್ಲ. ಆಗ ನಾನು ಗಮನಿಸಿದೆ: ಮೊರೆತವೂ ಇರಲಿಲ್ಲ. ಐದು ಸೆಕೆಂಡು. ಆಮೇಲೆ ಮೊರೆತ, ಫ್ಯಾನು, ಬೀದಿಯ ಸೈಕಲ್ ಗಂಟೆ, ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದ ಹಾಗೆ ಬಂದವು.

ದಸ್ತಗೀರ್ ತಲೆಯ ಮೇಲೆ ಟೋಪಿ ಸರಿಮಾಡಿಕೊಂಡರು. "ಅಮ್ಮ, ಇದು ಸೆಟ್ಟಿನ ರೋಗ ಅಲ್ಲ. ನಿಮ್ಮ ಮನೇಲಿ ತೆರಪಿದೆಯಾ?"

"ನಮ್ಮದು ಹೊಸ ಮನೆ. ಇಲ್ಲ."

ಊರಿನ ಹಳೆಯ ಮನೆಗಳಿಗೆಲ್ಲ ಒಂದೊಂದು ತೆರಪು ಇರುತ್ತದೆ, ಬಿಚ್ಚಿದರೆ ಮೊರೆತ ನಿಲ್ಲಿಸುವ ಒಂದಿಷ್ಟು ನಿಶ್ಶಬ್ದ. ಹಿತ್ತಾಳೆಯ ಗಿಂಡಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಗೋಡೆಯ ಗೂಡಿನಲ್ಲಿ ಇಟ್ಟಿರುತ್ತಾರೆ. ಹಸುಗೂಸು ಮೊದಲ ಸಲ ಮನೆಗೆ ಬಂದ ದಿನ ಬಿಚ್ಚುತ್ತಾರೆ. ಜ್ವರ ಏರಿದವರು ನಿದ್ದೆ ಮಾಡಲಿ ಎಂದು ಬಿಚ್ಚುತ್ತಾರೆ. ಹಾಸಿಗೆ ಹಿಡಿದವರಿಗೆ ಕೊನೆಗೆ ಬಿಚ್ಚುತ್ತಾರೆ. ಮೊರೆತದಲ್ಲಿ ಮುದಿ ಜೀವ ಹೋಗುವುದಿಲ್ಲ, ಅದರ ಜೊತೆಗೇ ಸುತ್ತುತ್ತಿರುತ್ತದೆ ಎನ್ನುತ್ತಾರೆ. ಅದಕ್ಕೆ ಅವರವರ ಮನೆಯ ತೆರಪೇ ಆಗಬೇಕು. ಉಳಿದದ್ದಕ್ಕೆ ಕಡ ತರಬಹುದು, ಹೆಪ್ಪು ತಂದ ಹಾಗೆ. ಮನರಂಜನೆಗೆ ಮಾತ್ರ ಯಾರೂ ಕೊಡುವುದಿಲ್ಲ.

ದಸ್ತಗೀರ್ ಟೀವಿಯಿದ್ದ ಹಾಲಿನಲ್ಲಿ ಕಿವಿಗೊಟ್ಟು ಮೂರು ಸುತ್ತು ಹಾಕಿದರು. ಕೊನೆಗೆ ಬೇಸ್ ಪೆಟ್ಟಿಗೆಯ ಮುಂದೆ ಕೂತು, ಅದರ ಹಿಂಬದಿಯ ಎಂಟು ಸ್ಕ್ರೂ ಬಿಚ್ಚಿ, ಹಲಗೆ ತೆಗೆದರು. ಒಳಗೆ ಬಿಳಿಯ ಹತ್ತಿಯಂಥದ್ದು ತುರುಕಿತ್ತು. ಅದರ ನಡುವೆ, ಹಕ್ಕಿಯ ಗೂಡಿನಲ್ಲಿಟ್ಟ ಹಾಗೆ, ಒಂದು ಹಿತ್ತಾಳೆಯ ಗಿಂಡಿ. ಬಾಯಿ ತೆರೆದಿತ್ತು. ಮುಚ್ಚಳ ಇರಲಿಲ್ಲ. ಕಂಠದ ಸುತ್ತ ಹೆಸರು ಕೆತ್ತಿತ್ತು: ಹಂ. ಕೊಟ್ರಮ್ಮ.

ಕೊಟ್ರಮ್ಮತ್ತೆ ನಮ್ಮ ಬೀದಿಯ ಕೊನೆಯವರು. ಮದುವೆಯಾಗದ ಅಕ್ಕ ನೀಲಮ್ಮನ ಜೊತೆ ಹುಟ್ಟಿದ ಮನೆಯಲ್ಲೇ ಇದ್ದಾರೆ.

"ಅಯ್ಯಯ್ಯೋ ಸಾಹೇಬ್ರೆ" ಎಂದು ದಸ್ತಗೀರ್ ಪೆಟ್ಟಿಗೆಗೇ ಹೇಳಿದರು, ಒಳಗೆ ಇಂದುಧರ ಕೂತಿದ್ದಾನೆ ಎಂಬಂತೆ. "ಸಿನಿಮಾ ನೋಡೋಕೆ ತೆರಪು ತಂದ್ರಾ!"

ಏಕೆ ತಂದನೆಂದು ನನಗೆ ತಿಳಿಯಿತು. ಅವನು ಯಾವಾಗಲೂ ಹೇಳುತ್ತಿದ್ದ. ಸಿನಿಮಾದಲ್ಲಿ ಒಬ್ಬಳು ಕಾಗದ ಓದಿ ಮುಗಿಸುತ್ತಾಳೆ, ಆಮೇಲೆ ಹತ್ತು ಸೆಕೆಂಡು ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ಕೂಡ ಅವರು ಮಾಡಿಟ್ಟಿರುತ್ತಾರೆ, ನಮಗೆ ಮಾತ್ರ ಅಲ್ಲೂ ಈ ಗಿರಣಿ. ಒಂದೇ ಒಂದು ಸಲ ಅದನ್ನು ಕೇಳಬೇಕು ಶರ್ವಾಣಿ, ಎನ್ನುತ್ತಿದ್ದ. ನಾನು ಆಯಿತು ಕೇಳು ಎನ್ನುತ್ತಿದ್ದೆ.

"ಮುಚ್ಚಿಬಿಡಿ ಸಾಹೇಬ್ರೆ" ಎಂದೆ.

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. "ನನ್ನ ಕೈಲಾಗಲ್ಲಮ್ಮ. ಬಿಚ್ಚಿದೋರೇ ಮುಚ್ಚಬೇಕು. ಬಿಚ್ಚಿದೋರು ಇಲ್ಲ ಅಂದ್ರೆ, ಅದರಲ್ಲಿ ಸುಖಪಟ್ಟೋರು ಮುಚ್ಚಬೇಕು. ಹೌದು, ನಾನು ಸುಖಪಟ್ಟೆ ಅಂತ ಬಾಯ್ಬಿಟ್ಟು ಹೇಳಿ ಮುಚ್ಚಬೇಕು. ಬೇರೆ ಯಾರು ಕೈ ಇಟ್ಟರೂ ಅದು ಒಳಗೆ ಹೋಗಲ್ಲ. ಹೀಗೇ ಮೊರೆತದ ಜೊತೆ ಮಾತನ್ನೂ ನುಂಗ್ಕೊಂಡು ಮನೆ ತುಂಬ ಓಡಾಡ್ಕೊಂಡಿರತ್ತೆ." ನನ್ನ ಮುಖ ನೋಡದೆ ಕೇಳಿದರು. "ಆವತ್ತು ನೀವು ಇಲ್ಲಿದ್ರಾ?"

"ಅಡುಗೆಮನೆಯಲ್ಲಿದ್ದೆ. ನನಗೇನೂ ಗೊತ್ತಾಗಲಿಲ್ಲ" ಎಂದೆ.

ಅವರು ಹಲಗೆಯನ್ನು ಪೆಟ್ಟಿಗೆಗೆ ಒರಗಿಸಿ ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಬೇಗ ಏನಾದ್ರೂ ಮಾಡಿ. ತೆರಪಲ್ಲಿ ಕೊನೆಗೆ ಏನಾಯ್ತೋ ಅದು ಅದರಲ್ಲೇ ಉಳಿಯತ್ತೆ. ಅದನ್ನ ಅಳಿಸೋಕೇ ವಾಪಸ್ ಕೊಡೋ ಮುಂಚೆ ಬಿಸಿಲಿಗಿಡೋದು. ನೀವು ಒಬ್ಬರೇ ಇರೋ ಮನೆ" ಎಂದರು.

ಅವರು ಹೋದ ಮೇಲೆ ಬಾಗಿಲು ಹಾಕಿದೆ. ಫ್ಯಾನು, ಫ್ರಿಜ್ಜು, ಎಲ್ಲ ಆಫ್ ಮಾಡಿ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತೆ. ಅರ್ಧ ಗಂಟೆ ಕಾದಿರಬೇಕು. ಮೊರೆತ ನಿಂತಿತು. ಸೋಫಾದ ಮೇಲೆ ಯಾರೋ ಉಸಿರು ಬಿಟ್ಟರು.

ಸೋಫಾದ ಮೇಲೆ ಯಾರೂ ಇರಲಿಲ್ಲ. ಆದರೆ ಉಸಿರು ಯಾರದೆಂದು ನನಗೆ ಗೊತ್ತಿತ್ತು. ಏಳು ವರ್ಷ ಆ ಉಸಿರಿನ ಪಕ್ಕ ಮಲಗಿದ್ದೆ. ಸಿನಿಮಾ ಇಷ್ಟವಾದರೆ ಅವನು ಹಾಗೆ ಮೂಗಿನಿಂದ ಉದ್ದಕ್ಕೆ ಬಿಡುತ್ತಿದ್ದ. ಆರು ಸೆಕೆಂಡಿನ ಬಳಿಕ ಮೊರೆತ ಬಂತು. ನಾನು ನೋಟ್ ಪುಸ್ತಕದಲ್ಲಿ ಸಮಯ ಬರೆದೆ. ಮುಂದೆ "ಉಸಿರು" ಎಂದು ಬರೆದೆ. ನನಗೆ ಭಯವಾಗಲಿಲ್ಲ. ಮಣ್ಣು ಮಾಡಿದ ದಿನದಿಂದ ನನಗೆ ಏನೂ ಆಗುತ್ತಿರಲಿಲ್ಲ.

ಆ ದಿನದಿಂದ ನಾನು ರಿಪೇರಿಯ ಯೋಚನೆ ಬಿಟ್ಟೆ. ಹಾಲಿನಲ್ಲೇ ಚಾಪೆ ಹಾಸಿಕೊಂಡೆ. ಪ್ರತಿ ಸಲವೂ ತೆರಪು ಬರುವಾಗ ಮೊದಲಿನದಕ್ಕಿಂತ ಸ್ವಲ್ಪ ಉದ್ದವಿರುತ್ತಿತ್ತು, ಪ್ರತಿ ಸಲವೂ ಮೊದಲಿಂದ ಶುರುವಾಗುತ್ತಿತ್ತು. ಉಸಿರು. ಉಸಿರು, ಆಮೇಲೆ ಸೋಫಾ ಕಿರುಗುಟ್ಟಿದ ಸದ್ದು. ಉಸಿರು, ಸೋಫಾ, ಆಮೇಲೆ ರಿಮೋಟ್ ನೆಲಕ್ಕೆ ಬಿದ್ದು ಬ್ಯಾಟರಿಯ ಮುಚ್ಚಳ ಸಿಡಿದ ಸದ್ದು. ಆ ಮುಚ್ಚಳ ನನಗೆ ಆವತ್ತು ಸೋಫಾದ ಅಡಿ ಸಿಕ್ಕಿತ್ತು. ಆದ್ದರಿಂದ ಇದು ಆ ಭಾನುವಾರವೇ, ಬೇರೆ ಯಾವುದೂ ಅಲ್ಲ. ಒಂದೊಂದು ಸೆಕೆಂಡಾಗಿ ಅವನ ಕೊನೆಯತ್ತ ಹೋಗುತ್ತಿದ್ದೆ.

ನನಗೆ ಒಂದೇ ವಿಷಯ ತಿಳಿಯಬೇಕಿತ್ತು. ಅವನು ನನ್ನನ್ನು ಕರೆದನೇ ಎಂದು. ಹಾಲಿಗೂ ಅಡುಗೆಮನೆಗೂ ನಡುವೆ ಹದಿನಾಲ್ಕು ಹೆಜ್ಜೆ. ಕರೆದಿದ್ದರೆ ಕೇಳಿಸಬೇಕಿತ್ತು. ನನಗೆ ಕೇಳಿಸಿರಲಿಲ್ಲ. ಡಾಕ್ಟರು ಕೇಳಿದಾಗ, ನೆಂಟರು ಕೇಳಿದಾಗ, ಅವನ ತಮ್ಮ ಮೂರು ಸಲ ಕೇಳಿದಾಗಲೂ ಇಲ್ಲ ಎಂದೇ ಹೇಳಿದ್ದೆ.

ಐದನೇ ದಿನ ಬೆಳಿಗ್ಗೆ ಕೊಟ್ರಮ್ಮತ್ತೆ ಬಂದರು. ಬಾಗಿಲಲ್ಲೇ ನಿಂತು ಸೆರಗಿನಲ್ಲಿ ಕೈ ಒರೆಸಿಕೊಂಡರು. ಗಿಡ್ಡ ಹೆಂಗಸು, ಹಣೆ ತುಂಬ ವಿಭೂತಿ. ಸಾವಿನ ಮನೆಗೆ ಕೊಟ್ಟದ್ದನ್ನು ಕೇಳಲು ಬರುವುದು ಊರಿನಲ್ಲಿ ಮರ್ಯಾದೆಯಲ್ಲ, ಅದು ಅವರ ನಿಲುವಿನಲ್ಲೇ ಇತ್ತು.

"ಊಟ ಗೀಟ ಮಾಡ್ತಿದೀಯೇನವ್ವ?"

"ಮಾಡ್ತಿದೀನಿ ಅತ್ತೆ. ಬನ್ನಿ, ಕೂತ್ಕೊಳ್ಳಿ."

ಅವರು ಸೋಫಾದ ಮೇಲೆ ಕೂರಲಿಲ್ಲ, ಕುರ್ಚಿ ಎಳೆದುಕೊಂಡು ಕೂತರು. ಪೆಟ್ಟಿಗೆಯ ಬೆನ್ನಿಗೆ ಹಲಗೆ ಒರಗಿತ್ತು, ಗಿಂಡಿ ಕಾಣುತ್ತಿರಲಿಲ್ಲ.

"ಈಗ ಹೆಂಗೈತೆ ನಿನ್ನ ತಲೆನೋವು?"

"ಯಾವ ತಲೆನೋವು?"

"ಅದೇ ಕಣವ್ವ. ಆ ಶನಿವಾರ ಸಂಜೆ ಬಂದಿದ್ದ ನಿನ್ನ ಗಂಡ. ಅತ್ತೆ, ಶರ್ವಾಣಿಗೆ ತಲೆ ಸಿಡಿದು ಹೋಗ್ತೈತೆ, ಮೂರು ದಿನದಿಂದ ಕಣ್ಣು ಮುಚ್ಚಿಲ್ಲ ಅಂದ. ನಾನೇ ಇಳಿಸಿ ಕೊಟ್ಟೆ. ಒಂದೇ ದಿವಸ, ಸೋಮವಾರ ತಂದುಕೊಡ್ತೀನಿ ಅಂದ. ಸೋಮವಾರ ಅವನನ್ನೇ ಹೊತ್ಕಂಡು ಹೋದ್ರು."

ನನಗೆ ಆ ವಾರ ತಲೆನೋವಿರಲಿಲ್ಲ. ಅವನು ಸುಳ್ಳು ಹೇಳುತ್ತಿದ್ದವನಲ್ಲ, ಹೇಳಿದರೆ ಕಿವಿ ಕೆಂಪಾಗುತ್ತಿತ್ತು. ನನ್ನ ಹೆಸರು ಹಿಡಿದು, ಕೆಂಪು ಕಿವಿ ಹೊತ್ತು, ಇವರ ಬಾಗಿಲಲ್ಲಿ ನಿಂತಿದ್ದನ್ನು ಊಹಿಸಿಕೊಂಡೆ.

"ವಾಸಿಯಾಯ್ತು ಅತ್ತೆ" ಎಂದೆ.

"ಸದ್ಯ. ಹಂಗಾದ್ರೆ ಗಿಂಡಿ..."

"ಹುಡುಕಬೇಕು. ಎಲ್ಲಿಟ್ಟಿದ್ದಾನೋ ಗೊತ್ತಿಲ್ಲ."

ನಾನು ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಕಿವಿ ತಣ್ಣಗೇ ಇತ್ತು. ಕೊಟ್ರಮ್ಮತ್ತೆ ತಲೆಯಾಡಿಸಿದರು. "ನಿಧಾನಕ್ಕೆ ಹುಡುಕವ್ವ. ಅಕ್ಕನಿಗೆ ಆಗ್ತಿಲ್ಲ, ಅದಕ್ಕೇ ಕೇಳಿದ್ದು. ನೀರೂ ಇಳೀತಿಲ್ಲ ಈಗ. ಬರೀ ಕಣ್ಣು ಬಿಟ್ಕಂಡು ಸೂರು ನೋಡ್ತಾಳೆ. ನೀಲಕ್ಕ ಅಂದ್ರೆ ಹೂಂ ಅಂತಾಳೆ, ಹೋಗಕ್ಕೂ ಆಗ್ತಿಲ್ಲ, ಇರಕ್ಕೂ ಆಗ್ತಿಲ್ಲ, ಅವಳ ಗೋಳು" ಎಂದು ಹೇಳುತ್ತಿದ್ದಂತೆ ಅವರ ದನಿ ಹೋಯಿತು.

ಮೊರೆತ ನಿಂತಿತು. ಉಸಿರು. ಸೋಫಾ ಕಿರುಗುಟ್ಟಿತು. ರಿಮೋಟ್ ಬಿತ್ತು, ಮುಚ್ಚಳ ಸಿಡಿಯಿತು. ಹದಿನೈದು ಸೆಕೆಂಡು. ನಾವಿಬ್ಬರೂ ಖಾಲಿ ಸೋಫಾವನ್ನು ನೋಡುತ್ತ ಕೂತಿದ್ದೆವು. ಕೊಟ್ರಮ್ಮತ್ತೆಯ ಕೈ ತನ್ನಷ್ಟಕ್ಕೆ ಕೊರಳ ಲಿಂಗದ ಕಡೆಗೆ ಹೋಯಿತು.

ಮೊರೆತ ಬಂದ ಮೇಲೆ ಅವರು ಎದ್ದರು. ಕುರ್ಚಿಯನ್ನು ಇದ್ದ ಜಾಗಕ್ಕೆ ಸರಿಸಿದರು. ಸುಳ್ಳು ಹೇಳಿದೆ ಎನ್ನಲಿಲ್ಲ, ಕೊಡು ಎನ್ನಲಿಲ್ಲ. ಬಾಗಿಲ ಹತ್ತಿರ ತಿರುಗಿ, "ಸಲೀಸಾಗಿ ಹೋಗವ್ನೆ ಬಿಡವ್ವ" ಎಂದರು. "ಎಲ್ಲಾರಿಗೂ ಸಿಗಲ್ಲ ಅದು." ಮೆಟ್ಟಿಲಿಳಿದು ಹೋದರು.

ಆ ಮಾತು ನನ್ನನ್ನು ಬಿಡಲಿಲ್ಲ. ತೆರಪು ತೆರೆದಿದ್ದರಿಂದ ಅವನು ಸಲೀಸಾಗಿ ಹೋದನೇ, ಅಥವಾ ತೆರೆದಿದ್ದರಿಂದಲೇ ಹೋದನೇ? ಮೊರೆತವಿದ್ದಿದ್ದರೆ ಅವನ ಜೀವ ಅದರ ಜೊತೆ ಒಂದೆರಡು ಸುತ್ತು ಹಾಕುತ್ತಿತ್ತು, ನಾನು ಹದಿನಾಲ್ಕು ಹೆಜ್ಜೆ ನಡೆದು ಬರುವಷ್ಟು ಹೊತ್ತು. ಇದಕ್ಕೆ ಅಂಕಿಅಂಶ ಇಲ್ಲ. ನಾನು ಚಾಪೆಯ ಮೇಲೆ ಕೂತೇ ಇದ್ದೆ.

ಆರನೇ ದಿನ, ಬೆಳಿಗ್ಗೆ ಒಂಬತ್ತೂ ಕಾಲಿಗೆ, ಅದು ಬಂತು. ಉಸಿರು. ಸೋಫಾ. ರಿಮೋಟ್. ಆಮೇಲೆ ಹೊಸದು: ಗಂಟಲಲ್ಲಿ ಏನೋ ಸಿಕ್ಕಿದ ಹಾಗೆ ಸಣ್ಣ ಸದ್ದು. ಆಮೇಲೆ ಗಾಳಿಯನ್ನು ಒಳಗೆ ಎಳೆದುಕೊಂಡ. ಮಾತಾಡುವ ಮೊದಲು ಯಾರಾದರೂ ಎಳೆದುಕೊಳ್ಳುವ ಹಾಗೆ. ನಾನು ಸೋಫಾದ ಅಂಚು ಹಿಡಿದು ಮುಂದಕ್ಕೆ ಬಾಗಿದೆ.

ಆಗ ಬೇರೊಂದು ಸದ್ದು ಬಂತು. ಸೋಫಾದ ಕಡೆಯಿಂದಲ್ಲ, ಅಡುಗೆಮನೆಯ ಕಡೆಯಿಂದ. ಸೌಟನ್ನು ತಟ್ಟೆಯ ಮೇಲೆ ಮೆಲ್ಲಗೆ ಇಟ್ಟ ಸದ್ದು. ಸದ್ದಾಗಬಾರದೆಂದು ಎಚ್ಚರದಿಂದ ಇಟ್ಟದ್ದು. ಗ್ಯಾಸಿನ ಒಲೆ ಆರಿಸಿದ ಟಕ್. ಸ್ಟೂಲು ಎಳೆದು ಯಾರೋ ಕೂತರು. ಆಮೇಲೆ ಒಬ್ಬ ಹೆಂಗಸು ನಿಟ್ಟುಸಿರು ಬಿಟ್ಟಳು, ಹಬ್ಬದ ಕೆಲಸ ಮುಗಿಸಿ ಕೂತವರು ಬಿಡುವ ಹಾಗೆ, ಆರಾಮವಾಗಿ.

ಅದು ನಾನು.

ನಾನು ಯಾರಿಗೂ ಹೇಳದೇ ಇದ್ದದ್ದು ಇದು. ಆ ಭಾನುವಾರ ಮೊರೆತ ನಿಂತದ್ದು ನನಗೆ ಗೊತ್ತಾಗಿತ್ತು. ಪಕ್ಕದ ಮನೆಯಲ್ಲಿ ಯಾರೋ ತೆರಪು ಬಿಚ್ಚಿದ್ದಾರೆ, ಅದರ ಅಂಚು ನಮ್ಮ ಅಡುಗೆಮನೆಗೂ ತಾಗಿದೆ ಎಂದುಕೊಂಡಿದ್ದೆ. ಬಿಟ್ಟಿ ಸಿಕ್ಕಿದ್ದು. ಕುಕ್ಕರು ಕೂಗಿ ಅದನ್ನು ಕೆಡಿಸದಿರಲಿ ಎಂದು ಒಲೆ ಆರಿಸಿದ್ದೆ. ಹಾಲಿಗೆ ಹೋಗಿ ಇಂದುಧರನಿಗೆ ಹೇಳೋಣ, ನಿನಗೆ ಬೇಕಾದದ್ದು ಬಂದಿದೆ ಬಾ ಎನ್ನೋಣ ಎನಿಸಿತ್ತು. ಏಳಲು ಮನಸ್ಸು ಬರಲಿಲ್ಲ. ಐದು ನಿಮಿಷವೋ ಏಳು ನಿಮಿಷವೋ ಕಣ್ಣು ಮುಚ್ಚಿ ಕೂತಿದ್ದೆ. ಮದುವೆಯಾಗಿ ಬಂದ ಮೇಲೆ ಈ ಊರಿನಲ್ಲಿ ಅಷ್ಟು ಸುಖವಾಗಿ ನಾನು ಕೂತದ್ದೇ ಇಲ್ಲ.

ಮೊರೆತ ಬಂತು. ಮುಂದಿನ ಸಲ ಅವನು ಎಳೆದುಕೊಂಡ ಆ ಗಾಳಿ ಮಾತಾಗುತ್ತದೆ, ಇಲ್ಲವೇ ಆಗುವುದಿಲ್ಲ. ಇನ್ನೊಂದು ಸಲ ಸಾಕು, ಮಧ್ಯಾಹ್ನದೊಳಗೆ ಬಂದೇ ಬರುತ್ತದೆ. ಪೆನ್ನು ತೆಗೆದುಕೊಂಡು ಸಮಯ ಬರೆಯಲು ಹೋದೆ. ಕೈ ಬರೆಯಲಿಲ್ಲ. ಬೀದಿಯ ಕೊನೆಯಲ್ಲಿ ಒಬ್ಬ ಮುದುಕಿ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿದ್ದಳು, ನಾನು ಇಲ್ಲಿ ಚಾಪೆ ಹಾಸಿಕೊಂಡು ಅವಳ ತೆರಪಿನಲ್ಲಿ ಕೂತಿದ್ದೆ. ಆವತ್ತು ಸ್ಟೂಲಿನ ಮೇಲೆ ಕೂತ ಹಾಗೆಯೇ. ಇನ್ನೊಂದು ಸ್ವಲ್ಪ ಹೊತ್ತು ಎಂದು ಆವತ್ತೂ ಅಂದುಕೊಂಡಿದ್ದೆ.

ಎದ್ದು ಹಲಗೆ ಸರಿಸಿದೆ. ಹತ್ತಿಯೊಳಗೆ ಕೈಹಾಕಿ ಗಿಂಡಿಯನ್ನು ಎತ್ತಿದೆ. ನಿರೀಕ್ಷಿಸಿದ್ದಕ್ಕಿಂತ ಭಾರವಿತ್ತು, ಬೆಚ್ಚಗಿತ್ತು. ಅದರ ಮುಚ್ಚಳವನ್ನು ಅವನು ಎಲ್ಲಿಟ್ಟನೋ, ಡ್ರಾಯರಿನಲ್ಲಿ ನೋಡಿದೆ, ಶೋಕೇಸಿನಲ್ಲಿ ನೋಡಿದೆ, ಸಿಗಲಿಲ್ಲ. ಬಲಗೈಯ ಅಂಗೈಯನ್ನು ಅದರ ಬಾಯಿಯ ಮೇಲೆ ಇಟ್ಟೆ.

"ಸುಖಪಟ್ಟೆ" ಎಂದೆ. ಎರಡನೇ ಸಲ ಹೇಳಬೇಕಾಯಿತು. "ಹೌದು, ನಾನು ಇದರಲ್ಲಿ ಸುಖಪಟ್ಟೆ. ಅವನು ಹೋಗ್ತಿದ್ದಾಗ ನಾನು ಸುಖವಾಗಿ ಕೂತಿದ್ದೆ."

ಮನೆಯ ಮೂಲೆಮೂಲೆಯಿಂದ ಏನೋ ಎಳೆದುಕೊಂಡು ಬಂದು, ಬೆರಳ ಸಂದಿಯಿಂದ ನುಸುಳಿ ಒಳಗೆ ಹೋಯಿತು. ಕರ್ಟನು ಅಲ್ಲಾಡಿತು. ಆಮೇಲೆ ಮೊರೆತ ತುಂಬಿಕೊಂಡಿತು, ಗೋಡೆಯಿಂದ ಗೋಡೆಗೆ, ನಾನು ಈ ಊರಿಗೆ ಬಂದ ಮೊದಲ ದಿನದಷ್ಟು ಜೋರಾಗಿ. ಗಿಂಡಿಯೊಳಗೆ, ನನ್ನ ಅಂಗೈಗೆ ತಾಗುವಂತೆ, ಯಾರೋ ಗಾಳಿಯನ್ನು ಎಳೆದುಕೊಂಡು ಹಿಡಿದಿದ್ದರು.

ಮನೆಗೆ ಬೀಗ ಹಾಕಲು ಇನ್ನೊಂದು ಕೈ ಸಾಲದೆ ಹಾಗೇ ಬಿಟ್ಟು ನಡೆದೆ. ಒಳ್ಳೆಯ ಬಿಸಿಲಿತ್ತು. ಗಿಂಡಿಯ ಬಾಯಿಯ ಮೇಲೆ ಕೈಯಿಟ್ಟು ನಡೆಯುವವಳನ್ನು ಕಂಡು ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಸೊಪ್ಪಿನವಳು ಕೂಗುವುದನ್ನು ನಿಲ್ಲಿಸಿದಳು. ದಸ್ತಗೀರ್ ಅಂಗಡಿಯ ಬಾಗಿಲಲ್ಲಿ ಎದ್ದು ನಿಂತರು, ಆದರೆ ಕೂಗಿ ಮಾತಾಡಿಸಲಿಲ್ಲ. ಬೀದಿಯುದ್ದಕ್ಕೂ ಅಂಗೈ ಬೆವರುತ್ತಿತ್ತು, ಒಳಗಿನ ಉಸಿರು ತಾಗುತ್ತಲೇ ಇತ್ತು. ಸ್ವಲ್ಪ ಬೆರಳು ಸಡಿಲಿಸಿ ಕಿವಿಯ ಹತ್ತಿರ ಹಿಡಿದರೆ ಸಾಕಿತ್ತು. ನಾಲ್ಕು ಕಡೆ ನಿಂತೆ. ನಾಲ್ಕು ಕಡೆಯೂ ಮುಂದಕ್ಕೆ ನಡೆದೆ.

ಕೊಟ್ರಮ್ಮತ್ತೆಯ ಮನೆಯ ಬಾಗಿಲು ತೆರೆದಿತ್ತು. ಒಳಗೆ ಮಂಚದ ಮೇಲೆ ನೀಲಮ್ಮತ್ತೆಯ ಪಾದಗಳು ಮಾತ್ರ ಕಾಣುತ್ತಿದ್ದವು, ಹೊದಿಕೆಯಿಂದ ಹೊರಗೆ, ಒಣಗಿದ ಎಲೆಯ ಬಣ್ಣ. ಕೊಟ್ರಮ್ಮತ್ತೆ ಬಂದು ನನ್ನ ಕೈ ನೋಡಿದರು, ಗಿಂಡಿ ನೋಡಿದರು.

"ಸಿಕ್ಕಿತಾ?"

"ಅಲ್ಲೇ ಇತ್ತು ಅತ್ತೆ. ಮೂರು ದಿನದಿಂದ ನನಗೆ ಗೊತ್ತಿತ್ತು."

"ನನಗೂ ಗೊತ್ತಿತ್ತು ಬಿಡು. ಬಿಸಿಲಿಗಿಟ್ಟೆಯಾ?"

"ಇಲ್ಲ. ಅರ್ಧ ದಿನ ಬೇಕು. ಅಷ್ಟು ಹೊತ್ತು ಯಾಕೆ ಅಂತ..."

"ಹಂಗಾದ್ರೆ ಅವನು ಇದರಾಗೇ ಅವ್ನೆ." ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. "ಪೂರ್ತಿ ಕೇಳಿಸ್ಕಂಡೆಯೇನೆ?"

"ಇಲ್ಲ."

"ಹಂಗಾರೆ ಒಳಕ್ಕೆ ಬಾ. ಅಕ್ಕನ ತಲೆತಾವ ಬಿಚ್ತೀನಿ, ನೀನೂ ಕೂತ್ಕ. ಅಕ್ಕ ಏನೂ ಅಂದ್ಕಳಲ್ಲ. ಪೂರ್ತಿ ಕೇಳಿಸ್ಕಂಡೇ ಹೋಗು ಮಗ."

ಹೊಸ್ತಿಲ ಆಚೆ ಒಂದು ಹೆಜ್ಜೆ. ಗಿಂಡಿಯೊಳಗೆ ಅವನು ಇನ್ನೂ ಉಸಿರು ಹಿಡಿದುಕೊಂಡೇ ಇದ್ದ. ಮಂಚದ ಮೇಲಿನ ಪಾದಗಳಲ್ಲಿ ಒಂದು ಸ್ವಲ್ಪ ಅಲುಗಾಡಿತು.

"ಬೇಡ ಅತ್ತೆ. ಆ ತೆರಪು ಅವರದು."

"ಸರಿ, ಕೊಡು ಹಂಗಾರೆ" ಎಂದು ಕೊಟ್ರಮ್ಮತ್ತೆ ಎಡಗೈಯನ್ನು ಗಿಂಡಿಯ ಅಡಿಗೆ ಕೊಟ್ಟು, ಬಲಗೈಯನ್ನು ನನ್ನ ಕೈಯ ಪಕ್ಕಕ್ಕೆ ತಂದರು. ನಾನು ಅಂಗೈ ತೆಗೆಯಬೇಕು, ಅವರು ಇಡಬೇಕು. ನಡುವೆ ಒಂದು ಕ್ಷಣ ಅದರ ಬಾಯಿ ತೆರೆದಿರುತ್ತದೆ, ಅದನ್ನು ತಪ್ಪಿಸಲು ಆಗುವುದಿಲ್ಲ.

ಅಂಗೈ ತೆಗೆದೆ. ಮೊರೆತ ನಿಂತಿತು. ನಾನು ಕಿವಿಗೊಡಲಿಲ್ಲ. ಬಗ್ಗಿ, ಗಿಂಡಿಯ ಬಾಯಿಗೆ ಬಾಯಿ ತಂದು, ಅಡುಗೆಮನೆಯಿಂದ ಹಾಲಿಗೆ ಕೇಳಿಸುವಷ್ಟು ಗಟ್ಟಿಯಾಗಿ, "ಬಂದೆ" ಎಂದೆ.

ಕೊಟ್ರಮ್ಮತ್ತೆಯ ಅಂಗೈ ಮುಚ್ಚಿಕೊಂಡಿತು. ಮೊರೆತ ವಾಪಸು ಬಂತು.

"ಎಂಥಾ ಕೆಲಸ ಮಾಡಿದೆಯೇ" ಎಂದರು, ಸಿಟ್ಟಿಲ್ಲದೆ. "ಈಗ ಬಿಚ್ಚಿದಾಗ ಅಕ್ಕ, ಬಂದೆ ಅಂತ ಯಾರೋ ತನಗೇ ಹೇಳಿದ್ರು ಅಂದ್ಕಂತಾಳೆ."

"ಅಂದುಕೊಳ್ಳಲಿ ಅತ್ತೆ" ಎಂದೆ.